ಲೆಕ್ಕಪರಿಶೋಧಕನ ಉಮೇದುವಾರಿಕೆ

ಓದು ಮುಗಿದ ಮೇಲೆ ಏನಾಗಬೇಕೆಂದಿರುವೆ ಎಂದು ಕೇಳಿದರೆ ನಮ್ಮ ಬಾಲಮಿತ್ರರು ಡಾಕ್ಟರು, ಇಂಜಿನಿಯರು, ವಿಮಾನಚಾಲಕ ಎಂದು ಉತ್ತರ ಕೊಡುವುದುಂಟು. ಸರಕಾರದ ಲೆಕ್ಕಪರಿಶೋಧಕನಾಗುವೆನೆಂದು ಹೇಳಿದ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ನಾವು ಇದುವರೆಗೆ ಕಂಡಿಲ್ಲ. ಇದಕ್ಕೆ ಕಾರಣ ಆ ಕೆಲಸದ ಮೇಲಿನ ಅನಾದರವಲ್ಲ. ಅದರ ಪರಿಚಯವೇ ಇಲ್ಲದಿರುವುದು. ಆ ಇಲಾಖೆಯಲ್ಲಿ ಉಮೇದುವಾರರಾಗಿ ಮೊದಲ ಪಾಠಗಳನ್ನು ಕಲಿತ ನಾವು ಅವುಗಳಲ್ಲಿ ಕೆಲವನ್ನು ಇಲ್ಲಿ ಹೇಳಬಯಸುತ್ತೇವೆ.

ಸರಕಾರದ ಬೊಕ್ಕಸದಲ್ಲಿರುವ ಹಣ ಯಾವ ಅಧಿಕಾರಿಯದೂ ಅಲ್ಲ, ಪ್ರಜೆಗಳದು. ನಾವು ಅಂಗಡಿಯಲ್ಲಿ ಕೊಳ್ಳುವ ಹಲವು ಸಾಮಾನುಗಳ ಬೆಲೆಯಲ್ಲಿ ತೆರಿಗೆಯ ಪಾಲೊಂದು ಅಡಗಿರುತ್ತದೆ. ಆ ಹಣದಿಂದ ರಸ್ತೆ, ಆಸ್ಪತ್ರೆ, ಶಾಲೆಗಳು ನಡೆಯುತ್ತವೆ. ಅಂಗಡಿಗೆ ಹೋಗಿಬಂದ ಮಗನನ್ನು ತಾಯಿ ಚಿಲ್ಲರೆಯ ಲೆಕ್ಕ ಕೇಳುವಂತೆ ಪ್ರಜೆಗಳೂ ತಮ್ಮ ಹಣದ ಲೆಕ್ಕ ಕೇಳಬೇಕಾದುದು ನ್ಯಾಯ. ಆದರೆ ಕೋಟ್ಯಂತರ ಜನ ಒಂದೊಂದು ಕಛೇರಿಗೂ ಹೋಗಿ ಕಡತಗಳನ್ನು ಬಿಚ್ಚಿ ನೋಡುವುದು ಸಾಧ್ಯವೆ? ಅವರ ಪರವಾಗಿ ನೋಡತಕ್ಕವನೇ ಲೆಕ್ಕಪರಿಶೋಧಕ.

ಈ ಇಲಾಖೆ ಬಹು ಹಳೆಯದು. ೧೮೬೦ರ ನವೆಂಬರ್ ೧೬ರಂದು ಎಡ್ವರ್ಡ್ ಡ್ರಮಂಡ್ ಎಂಬವರು ಭಾರತದ ಮೊದಲ ಆಡಿಟರ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡರು. ಆ ದಿನವನ್ನು ೨೦೨೧ರಿಂದ ಲೆಕ್ಕಪರಿಶೋಧನಾ ದಿನವೆಂದು ಆಚರಿಸುತ್ತಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ, ೧೯೪೮ರಲ್ಲಿ, ವಿ. ನರಹರಿರಾಯರು ಈ ಪದವಿಗೇರಿದ ಮೊದಲ ಭಾರತೀಯರಾದರು. ಸಂವಿಧಾನದ ೧೪೮ನೆಯ ಅನುಚ್ಛೇದವು ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರಿಗೆ ವಿಶೇಷವಾದ ರಕ್ಷಣೆಯನ್ನು ಕೊಟ್ಟಿದೆ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವ ಕಠಿಣ ಕ್ರಮದಿಂದಲ್ಲದೆ ಅವರನ್ನು ಅಧಿಕಾರದಿಂದ ಇಳಿಸುವಂತಿಲ್ಲ. ಪ್ರಶ್ನೆ ಕೇಳುವವನು ತನ್ನ ಹುದ್ದೆಗೆ ಅಂಜಬೇಕಾಗಿ ಬಂದರೆ ಪ್ರಶ್ನೆಗಳು ಮೆತ್ತಗಾಗುವುವೆಂಬುದನ್ನು ಸಂವಿಧಾನ ರಚಿಸಿದವರು ಬಲ್ಲವರಾಗಿದ್ದರು.

ಆ ದೊಡ್ಡ ಪದವಿಯಿಂದ ಬಹು ದೂರದಲ್ಲಿ, ಕೆಳಗಿನ ಮೆಟ್ಟಲಿನಲ್ಲಿ, ಹೊಸದಾಗಿ ಸೇರಿದ ಪರಿಶೋಧಕನಿರುತ್ತಾನೆ. ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಆತ ಬರುತ್ತಾನೆ. ವಾಣಿಜ್ಯಶಾಸ್ತ್ರವನ್ನೇ ಓದಿರಬೇಕೆಂಬ ನಿಯಮವಿಲ್ಲ. ಇತಿಹಾಸ ಓದಿದವರೂ ಗಣಿತ ಓದಿದವರೂ ಅಕ್ಕಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಮಹಾರಾಷ್ಟ್ರದಲ್ಲಿ ಮುಂಬಯಿ ಮತ್ತು ನಾಗಪುರಗಳಲ್ಲಿ ಈ ಇಲಾಖೆಯ ದೊಡ್ಡ ಕಛೇರಿಗಳಿವೆ. ನಿಯಮಗ್ರಂಥಗಳ ಅಭ್ಯಾಸ, ಹಿರಿಯರೊಡನೆ ಊರೂರಿನ ಕಛೇರಿಗಳ ತಪಾಸಣೆ, ನಡುನಡುವೆ ಇಲಾಖೆಯ ಪರೀಕ್ಷೆಗಳು, ಇವೇ ಉಮೇದುವಾರಿಕೆಯ ದಿನಚರಿ.

ಮೊದಲು ಕಲಿಯತಕ್ಕದ್ದು ಒಂದು ಚೀಟಿಯನ್ನು ಓದುವ ಬಗೆ. ವೋಚರು ಎಂದರೆ ಹಣ ಸಂದಾಯವಾದುದಕ್ಕೆ ಸಾಕ್ಷಿಯಾದ ಕಾಗದ. ಅದನ್ನು ಕೈಗೆತ್ತಿಕೊಂಡು ಕೆಲವು ಪ್ರಶ್ನೆ ಕೇಳಬೇಕು. ಈ ಖರ್ಚಿಗೆ ಶಾಸನಸಭೆಯು ಹಣ ಮಂಜೂರು ಮಾಡಿತ್ತೆ? ಅಧಿಕಾರವುಳ್ಳವರೇ ಒಪ್ಪಿಗೆ ಕೊಟ್ಟರೆ? ಕೊಂಡ ಸಾಮಾನು ದಾಸ್ತಾನಿನ ಪುಸ್ತಕದಲ್ಲಿ ಏರಿದೆಯೆ? ಹಣ ಕೊಟ್ಟ ಮೇಲೆ ಚೀಟಿಯ ಮೇಲೆ ಮುದ್ರೆಯೊತ್ತಿ ರದ್ದುಗೊಳಿಸಿದ್ದಾರೆಯೆ? ಈ ಮುದ್ರೆ ಇಲ್ಲದಿದ್ದರೆ ಅದೇ ಚೀಟಿಯನ್ನು ತೋರಿಸಿ ಎರಡನೆಯ ಸಲ ಹಣ ಪಡೆಯುವ ಅವಕಾಶವುಂಟು. ಲೋಕೋಪಯೋಗಿ ಇಲಾಖೆಯಲ್ಲಿ ಅಳತೆಯ ಪುಸ್ತಕವೆಂಬುದೊಂದಿದೆ. ಗೋಡೆಯ ಉದ್ದ, ಎತ್ತರ, ದಪ್ಪಗಳನ್ನು ಅದರಲ್ಲಿ ಬರೆದು, ಅದರ ಆಧಾರದ ಮೇಲೆ ಗುತ್ತಿಗೆದಾರನಿಗೆ ಹಣ ಕೊಡುತ್ತಾರೆ. ಅದರ ಪುಟಗಳಿಗೆಲ್ಲ ಸಂಖ್ಯೆ ಹಾಕಿರುತ್ತದೆ. ಒಂದು ಪುಟವನ್ನೂ ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಹಾಕಬೇಕು. ತಪ್ಪು ಮಾಡುವುದಕ್ಕಿಂತ ತಪ್ಪನ್ನು ಮರೆಸುವುದು ಹೆಚ್ಚಿನ ದೋಷವೆಂಬುದು ಇದರ ತಾತ್ಪರ್ಯ.

ನಿಯಮಕ್ಕೆ ಸರಿಹೊಂದಿದ ಮಾತ್ರಕ್ಕೆ ಖರ್ಚು ಯೋಗ್ಯವಾಯಿತೆಂದಲ್ಲ. ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಹಣವನ್ನು ಎಷ್ಟು ಎಚ್ಚರದಿಂದ ಖರ್ಚುಮಾಡುವನೋ ಸಾರ್ವಜನಿಕರ ಹಣವನ್ನು ಅಷ್ಟೇ ಎಚ್ಚರದಿಂದ ಖರ್ಚುಮಾಡಬೇಕೆಂದು ಸರಕಾರದ ಹಣಕಾಸಿನ ನಿಯಮಗಳೇ ವಿಧಿಸುತ್ತವೆ. ವೈದ್ಯರನ್ನು ನೇಮಿಸುವ ಮೊದಲೇ ಬೆಲೆಬಾಳುವ ಯಂತ್ರವನ್ನು ಆಸ್ಪತ್ರೆಗೆ ತರಿಸಿ ಮೂಲೆಯಲ್ಲಿಟ್ಟರೆ, ಕಾಗದಗಳೆಲ್ಲ ಸರಿಯಾಗಿದ್ದರೂ ಪರಿಶೋಧಕ ಪ್ರಶ್ನಿಸಬಹುದು.

ಪ್ರಶ್ನೆ ಕೇಳುವುದಕ್ಕೂ ಒಂದು ರೀತಿಯುಂಟು. ಕಾಗದವನ್ನು ಉದ್ದಕ್ಕೆ ಎರಡು ಭಾಗವಾಗಿ ಮಡಿಸಿ, ಒಂದು ಪಕ್ಕದಲ್ಲಿ ಪರಿಶೋಧಕ ತನ್ನ ಪ್ರಶ್ನೆಯನ್ನು ಬರೆಯುತ್ತಾನೆ. ಇನ್ನೊಂದು ಪಕ್ಕ ಉತ್ತರಕ್ಕಾಗಿ ಬರಿದಾಗಿರುತ್ತದೆ. ಇದಕ್ಕೆ 'ಹಾಫ್ ಮಾರ್ಜಿನ್' ಎಂಬ ಹೆಸರು ರೂಢಿಯಲ್ಲಿದೆ. ಆ ಬರಿದಾದ ಅರ್ಧದ ಬೆಲೆ ನಮಗೆ ತಿಳಿದದ್ದು ಒಂದು ತಪ್ಪಿನಿಂದ.

ಒಂದು ಊರಿನ ಕಛೇರಿಯಲ್ಲಿ ೪೦ ಬೆಂಚುಗಳಿಗೆ ಹಣ ಸಂದಾಯವಾಗಿತ್ತು. ದಾಸ್ತಾನಿನ ಪುಸ್ತಕದಲ್ಲಿ ನಮಗೆ ೩೬ ಮಾತ್ರ ಕಂಡವು. ಏನೋ ದೊಡ್ಡದನ್ನು ಹಿಡಿದೆವೆಂಬ ಹುರುಪಿನಲ್ಲಿ, ನಾಲ್ಕು ಬೆಂಚುಗಳು ಬಂದೇ ಇಲ್ಲ, ಹಣ ನಷ್ಟವಾಗಿದೆ ಎಂದು ಬರೆದು ಕೊಟ್ಟೆವು. ಉಗ್ರಾಣದ ಗುಮಾಸ್ತರು ನಿವೃತ್ತಿಗೆ ಹತ್ತಿರವಾದವರು. ಕಾಗದ ಓದುವಾಗ ಅವರ ಕೈ ನಡುಗಿತು. ಆ ದಿನ ಅವರು ಊಟಕ್ಕೆ ಏಳಲಿಲ್ಲ. ಮರುದಿನ ಬೆಳಗ್ಗೆ ಪುಸ್ತಕ ತಂದು ನಮ್ಮ ಮುಂದಿಟ್ಟರು. ಕಾಲು ಮುರಿದಿದ್ದ ನಾಲ್ಕು ಬೆಂಚುಗಳನ್ನು ಹಿಂದಕ್ಕೆ ಕಳಿಸಿದ್ದರು. ಮೂರು ವಾರಗಳ ಮೇಲೆ ಬೇರೆ ನಾಲ್ಕು ಬಂದಿದ್ದವು. ಎರಡು ಪುಟಗಳ ಮುಂದೆ ಅವು ದಾಖಲಾಗಿದ್ದವು. ನಾವು ಪುಟ ತಿರುವಿರಲಿಲ್ಲ.

ನಮ್ಮ ಹಿರಿಯರು ಗದರಲಿಲ್ಲ. ನಮ್ಮ ವಾಕ್ಯಕ್ಕೆ ಗೆರೆ ಎಳೆದು, 'ನಾಲ್ಕು ಬೆಂಚುಗಳ ದಾಖಲೆ ಕಾಣಬರಲಿಲ್ಲ. ತೋರಿಸುವುದು' ಎಂದು ಬರೆದು ರುಜು ಹಾಕಿದರು. ಎರಡು ವಾಕ್ಯಗಳಲ್ಲಿಯೂ ಕೇಳಿದ ವಿಷಯ ಒಂದೇ. ಆದರೆ ಮೊದಲನೆಯದು ತೀರ್ಪು, ಎರಡನೆಯದು ಪ್ರಶ್ನೆ. ನಾವು ಗುಮಾಸ್ತರಲ್ಲಿಗೆ ಹೋಗಿ ಕ್ಷಮೆ ಬೇಡಿದೆವು. ಅವರು ನಕ್ಕು, "ಕೇಳಿದ್ದು ಒಳ್ಳೆಯದೇ ಆಯಿತು, ಇನ್ನು ಮುಂದೆ ಯಾರೂ ಹಾಗೆ ಅನ್ನಲಾರರಷ್ಟೆ" ಎಂದರು.

ಸರಿಯಾದ ಉತ್ತರ ದೊರೆಯದ ಪ್ರಶ್ನೆಗಳೂ ಇರುತ್ತವೆ. ಅವುಗಳನ್ನು ಅಲ್ಲಿಗೇ ಬಿಡುವುದಿಲ್ಲ. ಅವು ತಪಾಸಣೆಯ ವರದಿಯನ್ನು ಸೇರುತ್ತವೆ. ಅವುಗಳಲ್ಲಿ ಮಹತ್ವದವು ಮಹಾಲೆಕ್ಕಪರಿಶೋಧಕರ ವರದಿಗೆ ಏರುತ್ತವೆ. ೧೫೧ನೆಯ ಅನುಚ್ಛೇದದಂತೆ ಆ ವರದಿಯು ಕೇಂದ್ರದ ವಿಷಯದಲ್ಲಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ, ರಾಜ್ಯದ ವಿಷಯದಲ್ಲಿ ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೆ ಹೋಗುತ್ತದೆ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಲೋಕಸಭೆಯ ೧೫, ರಾಜ್ಯಸಭೆಯ ೭ ಸದಸ್ಯರಿರುತ್ತಾರೆ. ೧೯೬೭ರಿಂದ ವಿರೋಧ ಪಕ್ಷದವರೊಬ್ಬರು ಅದರ ಅಧ್ಯಕ್ಷರಾಗುವ ಪದ್ಧತಿ ಬಂದಿದೆ. ದೊಡ್ಡ ದೊಡ್ಡ ಅಧಿಕಾರಿಗಳು ಅಲ್ಲಿ ಕುಳಿತು ಉತ್ತರ ಹೇಳಬೇಕು. ಯಾವುದೋ ಊರಿನಲ್ಲಿ ಉಮೇದುವಾರನೊಬ್ಬ ಬರೆದ ಅರ್ಧ ಹಾಳೆಯ ಪ್ರಶ್ನೆ ಹೀಗೆ ಸಂಸತ್ತಿನವರೆಗೆ ನಡೆಯಬಲ್ಲುದು. ಆದುದರಿಂದಲೇ ಅದು ನಿಜವಾಗಿರಬೇಕು.

ಈಗ ಲೆಕ್ಕಗಳು ಬಹುಮಟ್ಟಿಗೆ ಗಣಕಯಂತ್ರವನ್ನು ಸೇರಿವೆ. ಸಾವಿರಾರು ಸಂದಾಯಗಳಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿದ್ದರೆ ಯಂತ್ರ ಕ್ಷಣದಲ್ಲಿ ತೋರಿಸುತ್ತದೆ. ಆದರೆ ಹೋದದ್ದೇಕೆಂದು ಕೇಳಿ, ಉತ್ತರವನ್ನು ತಾಳ್ಮೆಯಿಂದ ಓದಿ, ಪುಟ ತಿರುವಿ ನೋಡುವ ಕೆಲಸ ಮನುಷ್ಯನದೇ.

ಕನ್ನಡಿಗರಿಗೆ ಈ ವೃತ್ತಿಯ ನೆನಪು ಹಳೆಯದು. ಇಂದಿನ ಸೋಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ ಬಸವಣ್ಣನವರು ಮೊದಲು ಕರಣಿಕರಾಗಿದ್ದು ಬಳಿಕ ಬಿಜ್ಜಳನ ಭಂಡಾರವನ್ನು ನೋಡಿಕೊಂಡರೆಂದು ಸಂಪ್ರದಾಯ ಹೇಳುತ್ತದೆ. ಅವರು ಭಂಡಾರವನ್ನು ಬರಿದು ಮಾಡಿದರೆಂದು ಕೆಲವರು ಚಾಡಿ ಹೇಳಿದಾಗ, ಎಣಿಸಿ ನೋಡಲು ಹೊನ್ನು ಕೊರತೆಯಿಲ್ಲದೆ ಇದ್ದಿತೆಂಬ ಕಥೆಯೂ ಉಂಟು. ಲೆಕ್ಕವನ್ನು ತೆರೆದು ತೋರಿಸಿದಾಗ ಪ್ರಾಮಾಣಿಕನ ಮೇಲಿನ ಅಪವಾದ ತಾನಾಗಿ ಬಿದ್ದುಹೋಗುತ್ತದೆ. ನಮ್ಮ ಉಗ್ರಾಣದ ಗುಮಾಸ್ತರು ಹೇಳಿದ್ದೂ ಇದನ್ನೇ.

ಶಾಲೆಯ ಪ್ರವಾಸಕ್ಕೆ ಹಣ ಕೂಡಿಸುವ ಭಾರ ನಿಮ್ಮ ಮೇಲೆ ಬಿದ್ದಾಗ, ಬಾಲಮಿತ್ರರೆ, ಬಂದದ್ದನ್ನೂ ಹೋದದ್ದನ್ನೂ ಅಂದಂದೇ ಬರೆದಿಡಿರಿ. ಗೆಳೆಯರು ಕೇಳುವ ಮೊದಲೇ ತೋರಿಸಿರಿ. ಕೇಳಿದರೆ ಸಿಟ್ಟಾಗಬೇಡಿರಿ. ಉಮೇದುವಾರಿಕೆ ಅಲ್ಲಿಂದಲೇ ಮೊದಲಾಗುತ್ತದೆ.