ಎರಡನೇ ಪ್ರಶ್ನೆ

ದಾರಿ ತಪ್ಪಿದ ಮುದುಕರು ದಾರಿ ತಪ್ಪಿದವರ ಹಾಗೆ ಕಾಣುವುದೇ ಇಲ್ಲ. ಕೆ.ಎಸ್.ಆರ್.ಟಿ.ಸಿ. ಕಂಡಕ್ಟರ್ ಆಗಿದ್ದಷ್ಟು ಕಾಲವೂ ನಾನು ಕಂಡದ್ದು ಇದನ್ನೇ. ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿ ಕಿಟಕಿ ಪಕ್ಕ ನೆಟ್ಟಗೆ ಕೂತಿರುತ್ತಾರೆ. ‘ಎಲ್ಲಿಗೆ ಅಜ್ಜಾರೇ?’ ಅಂದರೆ ತಡವರಿಸದೆ ಒಂದು ಊರಿನ ಹೆಸರು ಹೇಳುತ್ತಾರೆ. ‘ಅಲ್ಲಿ ಯಾರಿದಾರೆ?’ ಎಂದು ಇನ್ನೊಂದು ಮಾತು ಕೇಳಿದಾಗಲೇ ಗೊತ್ತಾಗುವುದು. ‘ನಮ್ಮವ್ವ ಕಾಯ್ತಿರ್ತಾಳಪ್ಪ.’ ಹೇಳುವವರಿಗೇ ಎಂಬತ್ತು ದಾಟಿರುತ್ತದೆ.

ನಮ್ಮ ದೊಡ್ಡಪ್ಪನೂ ಹಾಗೇ ಹೋದದ್ದು. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಮನೆಯಿಂದ, ಎಂದೋ ಬಾಗಿಲು ಹಾಕಿದ ಹತ್ತಿ ಮಿಲ್ಲಿಗೆ, ಪಾಳಿಗೆ ಹೊತ್ತಾಯಿತೆಂದು. ಬಿಳಿ ಪಂಚೆ, ತೋಳಿನ ಬನಿಯನ್, ಬರಿಗಾಲು. ಭದ್ರಾ ನಾಲೆಯ ಏರಿ, ರೈಲ್ವೆ ನಿಲ್ದಾಣ, ದುರ್ಗಮ್ಮನ ಗುಡಿ, ಹರಿಹರದ ಹೊಳೆದಂಡೆ ಎಲ್ಲ ಹುಡುಕಿದೆವು. ಇವತ್ತಿಗೂ ಸುಳಿವಿಲ್ಲ.

2016ರಲ್ಲಿ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ ಬಂದಾಗ ಊರೆಲ್ಲ ಅತ್ತಿತು. ಅದರಲ್ಲಿ ಕಳೆದುಹೋದ ಅಪ್ಪನಾದ ಅನಂತ್ ನಾಗ್ ಕೊನೆಗೆ ಮಗನಿಗೆ ಸಿಗುತ್ತಾರೆ. ಎಲ್ಲರೂ ಸಿಗುವುದಿಲ್ಲ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆಯೆಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನ ಪಾಲು ಆಲ್‌ಝೈಮರ್. ಈ ಕಾಯಿಲೆ ಮೊದಲು ಕೆಡಿಸುವ ಜಾಗಗಳಲ್ಲಿ ಮೆದುಳಿನ ಹಿಪ್ಪೊಕ್ಯಾಂಪಸ್ ಒಂದು. ಹೊಸ ನೆನಪು ಕೂಡಿಡುವುದೂ ದಾರಿ ಗುರುತಿಡುವುದೂ ಅದರ ಕೆಲಸ. ನಿನ್ನೆಯದು ಅಳಿಸುತ್ತದೆ, ಐವತ್ತು ವರ್ಷದ ಹಿಂದಿನದು ಉಳಿಯುತ್ತದೆ. ಅವರು ಮನೆ ಬಿಟ್ಟು ಓಡಿಹೋಗುತ್ತಿಲ್ಲ, ತಮಗೆ ನೆನಪಿರುವ ಮನೆಗೆ ಹೋಗುತ್ತಿದ್ದಾರೆ.

ಹುಡುಕುವವರು ಇದನ್ನು ತಿಳಿದಿರಬೇಕು. ಇಂಥವರು ಸಾಮಾನ್ಯವಾಗಿ ಏನಾದರೂ ಅಡ್ಡ ಬರುವ ತನಕ ನಡೆಯುತ್ತಲೇ ಇರುತ್ತಾರೆ. ಹೆಸರು ಹಿಡಿದು ಕೂಗಿದರೂ ಓಗೊಡದಿರಬಹುದು. ಬಹಳ ಮಂದಿ ಸಿಗುವುದು ಮನೆಯಿಂದ ಒಂದೆರಡು ಕಿಲೋಮೀಟರಿನೊಳಗೇ. ಆದ್ದರಿಂದ ಖಾಲಿ ಸೈಟಿನ ಪೊದೆ, ಕಟ್ಟುತ್ತಿರುವ ಮನೆ, ರಾಜಕಾಲುವೆ ಮೊದಲು. ನೆಂಟರಿಗೆ ಫೋನು ಮಾಡುತ್ತಾ ಮರ್ಯಾದೆಗಂಜಿ ಕೂರುವ ಹೊತ್ತೇ ಕೈತಪ್ಪುವ ಹೊತ್ತು. 24 ಗಂಟೆ ಕಳೆಯದೆ ದೂರು ಕೊಡಬಾರದು ಎಂಬ ಕಾನೂನು ಎಲ್ಲೂ ಇಲ್ಲ. ತಕ್ಷಣ 112ಕ್ಕೆ ಕರೆ ಮಾಡಿ, ಯಾವ ಠಾಣೆಗಾದರೂ ಹೋಗಿ.

ಬಸ್ಸಿನವರಿಗೆ ಇನ್ನೊಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಒಳ್ಳೆಯದೇ ಆಯಿತು. ಆದರೆ ದಿಕ್ಕು ತೋಚದ ಅಜ್ಜಿ ಕೈಯಲ್ಲಿ ಬಿಡಿಗಾಸಿಲ್ಲದೆ ಬೀದರಿನವರೆಗೂ ಹೋಗಬಲ್ಲಳು. ಅವಳು ತೋರಿಸುವ ಆಧಾರ್ ಕಾರ್ಡಿನಲ್ಲೇ ವಿಳಾಸ ಇರುತ್ತದಲ್ಲ, ಅದನ್ನೊಮ್ಮೆ ಓದಿ. ಎರಡನೇ ಪ್ರಶ್ನೆ ಕೇಳಿ.

ಸಿಗದೇ ಹೋದರೆ ಮನೆಯಲ್ಲಿ ಏನಾಗುತ್ತದೆಂದು ನಮಗೆ ಗೊತ್ತು. 7 ವರ್ಷ ಸುದ್ದಿಯಿಲ್ಲದಿದ್ದರೆ ಕಾನೂನು ಆ ಮನುಷ್ಯ ಸತ್ತನೆಂದು ಭಾವಿಸಬಹುದು. ಅಲ್ಲಿಯತನಕ ಮರಣಪತ್ರವಿಲ್ಲ, ಖಾತೆ ಬದಲಾವಣೆ ಇಲ್ಲ. ಅದಕ್ಕಿಂತ ದೊಡ್ಡದು ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವಾಗ ದೊಡ್ಡಪ್ಪನಿಗೂ ಒಂದು ಎಲೆ ಹಾಕಬೇಕೇ? ಹಾಕಿದರೆ ನಾವೇ ಅವರನ್ನು ಸಾಯಿಸಿದಂತೆ ಎಂದು ದೊಡ್ಡಮ್ಮ ಬಿಡಲಿಲ್ಲ. ಹಣೆಯ ಕುಂಕುಮವನ್ನೂ ಬಿಡಲಿಲ್ಲ. ಯಾರೂ ಅವರಿಗೆ ಎದುರಾಡಲಿಲ್ಲ, ಆಡಬಾರದು ಕೂಡ.

ಜಪಾನಿನಲ್ಲಿ 2023ರಲ್ಲಿ ಡಿಮೆನ್ಷಿಯಾ ಇರುವ 19,000ಕ್ಕೂ ಹೆಚ್ಚು ಮಂದಿ ಕಾಣೆಯಾದ ದೂರು ದಾಖಲಾಯಿತು. ಅಲ್ಲಿನ ಓಮುತ ಎಂಬ ಊರಿನವರು ಇದಕ್ಕೆಂದೇ ತಾಲೀಮು ನಡೆಸುತ್ತಾ ಬಂದಿದ್ದಾರೆ. ಒಬ್ಬರು ದಾರಿ ತಪ್ಪಿದವರಂತೆ ಬೀದಿಯಲ್ಲಿ ಅಡ್ಡಾಡುತ್ತಾರೆ, ಊರಿನವರು ಅವರನ್ನು ಗುರುತಿಸಿ ಹೆದರಿಸದಂತೆ ಮಾತಾಡಿಸುವುದನ್ನು ಕಲಿಯುತ್ತಾರೆ. ಎಂ.ಸಿ.ಸಿ. ಬಡಾವಣೆಯಲ್ಲಿ ಇದನ್ನು ಮಾಡಲು ದುಡ್ಡೇನೂ ಬೇಡ. ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರು, ಹಾಲಿನವರು, ಆಟೋ ಸ್ಟ್ಯಾಂಡಿನವರು ಒಂದು ಭಾನುವಾರ ಸೇರಿದರೆ ಸಾಕು. ಅಜ್ಜನ ಪಾತ್ರಕ್ಕೆ ನಾನು ಬರುತ್ತೇನೆ.