ಟರ್ಪಿಟ್ಯೂಡ್ ಅಂದ್ರೆ ಏನು? 20 ರೂಪಾಯಿ ದಂಡ, ಹೋದ ನೌಕರಿ

ಇವತ್ತಿನ ಪದ ‘ಟರ್ಪಿಟ್ಯೂಡ್’. ಮಾತಿನಲ್ಲಿ ಇದನ್ನ ಕೇಳೋದು ಅಪರೂಪ. ನಾನು ಮೊದಲು ನೋಡಿದ್ದು ಒಂದು ನೇಮಕಾತಿ ಅರ್ಜಿಯಲ್ಲಿ. ‘ಮಾರಲ್ ಟರ್ಪಿಟ್ಯೂಡ್ ಇರುವ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ?’ ಅಂತಿತ್ತು. ಅರ್ಥ ಗೊತ್ತಿಲ್ಲದೇ ‘ಇಲ್ಲ’ ಅಂತ ಬರೆದು ಮುಂದೆ ಹೋದೆ. ನಿಮ್ಮಲ್ಲೂ ಕೆಲವರು ಹಾಗೇ ಮಾಡಿರಬಹುದು.

ಪದದ ಮೂಲ ಲ್ಯಾಟಿನ್. ‘ಟರ್ಪಿಸ್’ ಅಂದರೆ ಕುರೂಪ, ಹೇಯ. ಅಲ್ಲಿಂದ ಬಂದ ಟರ್ಪಿಟ್ಯೂಡ್ ಅಂದರೆ ನೀಚತನ. ಕಾನೂನಿನ ಕನ್ನಡದಲ್ಲಿ ‘ನೈತಿಕ ಅಧಃಪತನ’ ಅಂತಾರೆ.

ಬಳಸೋದು ಹೇಗೆ? ಇದು ನಾಮಪದ, ಹೆಚ್ಚಾಗಿ ‘ಮಾರಲ್’ ಜೊತೆಗೇ ಬರುತ್ತದೆ. ‘ಅವನೊಬ್ಬ ಟರ್ಪಿಟ್ಯೂಡ್’ ಅನ್ನೋ ಹಾಗಿಲ್ಲ. ‘ಆ್ಯನ್ ಆ್ಯಕ್ಟ್ ಆಫ್ ಮಾರಲ್ ಟರ್ಪಿಟ್ಯೂಡ್’ ಅಂದರೆ ಸರಿ. ಹೆಲ್ಮೆಟ್ ಹಾಕದೇ ದಂಡ ಕಟ್ಟಿದ್ದು ತಪ್ಪು, ಆದರೆ ನೀಚತನ ಅಲ್ಲ. ಸುಳ್ಳು ದಾಖಲೆ ತೋರಿಸಿ, ನಂಬಿದವರ ದುಡ್ಡು ನುಂಗಿದರೆ? ಅಲ್ಲಿ ಈ ಪದ ಸಲ್ಲುತ್ತದೆ.

ಇದನ್ನ ಹಗುರವಾಗಿ ತಗೋಬೇಡಿ. 1961ರ ವಕೀಲರ ಕಾಯ್ದೆ ಪ್ರಕಾರ, ಇಂಥ ಅಪರಾಧದಲ್ಲಿ ಶಿಕ್ಷೆಯಾದವರು ಬಿಡುಗಡೆಯಾಗಿ 2 ವರ್ಷ ಕಳೆಯುವ ತನಕ ವಕೀಲರಾಗಿ ನೋಂದಾಯಿಸಿಕೊಳ್ಳೋಕೆ ಆಗಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲೂ ಈ ಪದ ಇತ್ತು. ಕೆಲಸದಲ್ಲಿದ್ದಾಗ ಇಂಥ ಅಪರಾಧ ಮಾಡಿ ವಜಾ ಆದರೆ, ಗ್ರಾಚ್ಯುಟಿ ಹಣವೇ ಕೈತಪ್ಪಬಹುದು.

ಆದರೆ ಈ ಪದದ ಅರ್ಥವನ್ನು ಆ ಕಾಯ್ದೆಗಳು ಬಿಡಿಸಿ ಹೇಳಿಲ್ಲ. ಹಾಗಾಗಿ ಗೆರೆ ಎಳೆಯೋ ಕೆಲಸ ನ್ಯಾಯಾಲಯದ ಪಾಲಿಗೆ ಬರುತ್ತದೆ. ಹರಿಯಾಣದ ಒಬ್ಬ ನೌಕರನ ಕಥೆ ಕೇಳಿ. ಸಾರ್ವಜನಿಕ ಸ್ಥಳದಲ್ಲಿ ಅಸಭ್ಯ ವರ್ತನೆಯ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಅವರು ಕಟ್ಟಿದ ದಂಡ ಬರೀ 20 ರೂಪಾಯಿ. ಅಷ್ಟಕ್ಕೇ ನೌಕರಿ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒಪ್ಪಲಿಲ್ಲ. ಸ್ವಭಾವದಲ್ಲೇ ನೀಚವಾದ, ಹೇಯವಾದ ನಡತೆ ಮಾತ್ರ ಮಾರಲ್ ಟರ್ಪಿಟ್ಯೂಡ್ ಆಗುತ್ತದೆ, ಈ ಶಿಕ್ಷೆಯೊಂದರಿಂದಲೇ ಆ ಹಣೆಪಟ್ಟಿ ಅಂಟಿಸಬಾರದು ಅಂತ ಹೇಳಿ, ವಜಾ ಆದೇಶವನ್ನು ರದ್ದು ಮಾಡಿತು.

ನನಗೆ ಇದರಿಂದ ಗೊತ್ತಾಗಿದ್ದು ಇಷ್ಟೇ: ಕಾನೂನಿಗೆ ಎಲ್ಲ ತಪ್ಪೂ ನೀಚತನ ಅಲ್ಲ. ಮುಂದಿನ ಸಲ ಅರ್ಜಿಯಲ್ಲಿ ಈ ಪದ ಕಂಡರೆ, ನನ್ನ ಹಾಗೆ ದಾಟಿ ಹೋಗಬೇಡಿ. ಪ್ರಶ್ನೆಯನ್ನ ಪೂರ್ತಿ ಓದಿ. ನಿಮ್ಮ ಮೇಲೆ ಹಳೇ ಪ್ರಕರಣ ಏನಾದರೂ ಇದ್ದರೆ, ಟಿಕ್ ಹಾಕೋ ಮುಂಚೆ ವಕೀಲರೊಬ್ಬರನ್ನ ಕೇಳಿ. ಇನ್ನೊಂದು ಪದದೊಂದಿಗೆ ಮತ್ತೆ ಸಿಗೋಣ.