ಕೇಳದ ಮೊಬೈಲ್ ಸೇವೆಗೆ ಕಡಿತವಾದ ಹಣ: ಮರಳಿ ಪಡೆಯುವ ಕ್ರಮ

ರೀಚಾರ್ಜ್ ಮಾಡಿಸಿದ ಹಣವು ಕರೆ ಮಾಡುವ ಮೊದಲೇ ಖಾಲಿಯಾಯಿತೆಂಬ ದೂರು ಗ್ರಾಮಗಳಲ್ಲಿ ಹೊಸದಲ್ಲ. ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ, ಆಟಗಳು ಮೊದಲಾದ ಚಂದಾ ಸೇವೆಗಳಿಗೆ ಶುಲ್ಕ ಕಡಿತವಾಗುವುದು ಇದರ ಒಂದು ಕಾರಣ. ಇವುಗಳನ್ನು ಮೌಲ್ಯವರ್ಧಿತ ಸೇವೆಗಳೆಂದು ಕರೆಯಲಾಗುತ್ತದೆ. ಧ್ವನಿಮುದ್ರಿತ ಕರೆಯೊಂದು ಬಂದಾಗ ತಿಳಿಯದೆ ಒತ್ತಿದ ಒಂದು ಗುಂಡಿ, ಮಕ್ಕಳು ಮುಟ್ಟಿದ ಒಂದು ಜಾಹೀರಾತು ಇಂತಹ ಸೇವೆಗೆ ದಾರಿಯಾಗಬಹುದು. ದಿನಕ್ಕೆ 3 ರೂ. ಕಡಿತವಾದರೂ ತಿಂಗಳಿಗೆ 90 ರೂ. ಆಗುತ್ತದೆ. ಪಿಂಚಣಿ ಅಥವಾ ದಿನಗೂಲಿಯನ್ನೇ ನಂಬಿದ ಕುಟುಂಬಕ್ಕೆ ಇದು ಚಿಕ್ಕ ಮೊತ್ತವಲ್ಲ. ಒಪ್ಪಿಗೆಯಿಲ್ಲದೆ ಕಡಿತವಾದ ಹಣವನ್ನು ಮರಳಿ ಕೇಳುವುದು ಗ್ರಾಹಕರ ಹಕ್ಕು.

ನಿಯಮ ಏನು ಹೇಳುತ್ತದೆ?

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2013ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂತಹ ಸೇವೆ ಆರಂಭಿಸುವ ಮೊದಲು ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯತಕ್ಕದ್ದು. ಎರಡನೆಯ ದೃಢೀಕರಣ ಬಾರದಿದ್ದಲ್ಲಿ ಸೇವೆಯನ್ನು ಆರಂಭಿಸುವಂತಿಲ್ಲ. ಸೇವೆಯನ್ನು ನಿಲ್ಲಿಸಲು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಉಚಿತ ಸಂಖ್ಯೆ 155223. ತನ್ನ ಒಪ್ಪಿಗೆಯಿಲ್ಲದೆ ಸೇವೆ ಆರಂಭವಾಗಿದೆಯೆಂದು ಗ್ರಾಹಕರು 24 ಗಂಟೆಯೊಳಗೆ ತಿಳಿಸಿದಲ್ಲಿ, ಸೇವೆಯನ್ನು ನಿಲ್ಲಿಸಿ ಕಡಿತವಾದ ಹಣವನ್ನು ಮರಳಿಸಬೇಕು. ಆದುದರಿಂದ ಸಂದೇಶ ಬಂದ ದಿನವೇ ಕ್ರಮ ಕೈಗೊಳ್ಳುವುದು ಮುಖ್ಯ.

ಅನುಸರಿಸಬೇಕಾದ ಹಂತಗಳು

1. ಹಣ ಕಡಿತವಾದ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳಬೇಕು. ಸೇವೆಯ ಹೆಸರು, ದಿನಾಂಕ ಹಾಗೂ ಮೊತ್ತವನ್ನು ಬರೆದಿಟ್ಟುಕೊಳ್ಳಬೇಕು.

2. 155223ಕ್ಕೆ ಕರೆ ಮಾಡಿ ಸೇವೆಯನ್ನು ನಿಲ್ಲಿಸಬೇಕು.

3. ಕಂಪನಿಯ ದೂರು ಕೇಂದ್ರದ ಉಚಿತ ಸಂಖ್ಯೆ 198ಕ್ಕೆ ಕರೆ ಮಾಡಿ ಹಣ ಮರಳಿಸುವಂತೆ ಕೇಳಬೇಕು. ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಈ ಸಂಖ್ಯೆಯಿಲ್ಲದೆ ಮುಂದಿನ ಹಂತದಲ್ಲಿ ದೂರನ್ನು ಸಾಬೀತುಪಡಿಸುವುದು ಕಷ್ಟ. 24 ಗಂಟೆ ಮೀರಿದ್ದರೂ ದೂರು ನೀಡಬಹುದು. ಆಗ ಒಪ್ಪಿಗೆಯ ದಾಖಲೆಯನ್ನು ತೋರಿಸುವಂತೆ ಕಂಪನಿಯನ್ನು ಕೇಳಬೇಕು.

4. ಪರಿಹಾರ ತೃಪ್ತಿಕರವಾಗಿರದಿದ್ದಲ್ಲಿ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. 39 ದಿನಗಳೊಳಗೆ ಮನವಿಯನ್ನು ಇತ್ಯರ್ಥಪಡಿಸತಕ್ಕದ್ದು.

ಪ್ರೀಪೇಯ್ಡ್ ಗ್ರಾಹಕರು 50 ರೂ. ಮೀರದ ಶುಲ್ಕ ನೀಡಿ ಬಳಕೆಯ ವಿವರಪಟ್ಟಿಯನ್ನು ಕೇಳಿ ಪಡೆಯಬಹುದು. ಕಡಿತವು ಎಂದಿನಿಂದ ನಡೆದಿದೆಯೆಂಬುದು ಇದರಿಂದ ತಿಳಿಯುತ್ತದೆ. ವೈಯಕ್ತಿಕ ದೂರುಗಳನ್ನು ಟ್ರಾಯ್ ನೇರವಾಗಿ ಇತ್ಯರ್ಥಪಡಿಸುವುದಿಲ್ಲವಾದ್ದರಿಂದ ಅಲ್ಲಿಗೆ ಪತ್ರ ಬರೆದು ಕಾಯುವುದರಿಂದ ಅವಧಿ ಮೀರುವ ಸಂಭವವಿದೆ.

ಕಂಪನಿ ಸ್ಪಂದಿಸದಿದ್ದಲ್ಲಿ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ದೂರು ಹೇಳಿಕೊಳ್ಳಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿಲ್ಲ, ವಕೀಲರನ್ನು ನೇಮಿಸಿಕೊಳ್ಳುವುದೂ ಕಡ್ಡಾಯವಲ್ಲ. ದೂರಸಂಪರ್ಕ ಸೇವೆಯ ದೂರುಗಳೂ ಗ್ರಾಹಕ ಆಯೋಗಗಳ ವ್ಯಾಪ್ತಿಗೆ ಬರುತ್ತವೆಯೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ.

ಎಚ್ಚರಿಕೆ

ಹಣ ಮರಳಿಸುವ ನೆಪದಲ್ಲಿ ಒಟಿಪಿ, ಪಿನ್ ಅಥವಾ ಬ್ಯಾಂಕ್ ವಿವರ ಕೇಳುವ ಕರೆಗಳು ವಂಚನೆಯ ಕರೆಗಳು. ಹಣ ಪಡೆಯಲು ಪಿನ್ ನಮೂದಿಸುವ ಅಗತ್ಯವಿರುವುದಿಲ್ಲ. ವಂಚನೆಗೆ ಒಳಗಾದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸದಸ್ಯರು ಮಾಡಬಹುದಾದುದು

155223, 198, 1915 ಮತ್ತು 1930 ಸಂಖ್ಯೆಗಳನ್ನು ಪಂಚಾಯತಿ ಸೂಚನಾ ಫಲಕದಲ್ಲಿಯೂ ಗ್ರಂಥಾಲಯದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಪ್ರದರ್ಶಿಸಬಹುದು. ಗ್ರಾಮಸಭೆ ಹಾಗೂ ಸ್ವಸಹಾಯ ಸಂಘಗಳ ಸಭೆಗಳಲ್ಲಿ 24 ಗಂಟೆಯ ನಿಯಮವನ್ನು ವಿವರಿಸಬಹುದು. ಸಂದೇಶವನ್ನು ಓದಲಾಗದ ಹಿರಿಯರಿಗೆ ಅದನ್ನು ಓದಿ ಹೇಳಿ, ದೂರಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಹಣ ಮರಳುವ ದಾರಿ ತೆರೆದಂತಾಗುತ್ತದೆ.